ಕಾರ್ಡಿನ ಕೆಳಗಿನ ಸಾಲು

ಅಫಜಲಪುರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಗಣಿತ ಹೇಳುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಊರಿನ ಒಂದು ಬ್ಯಾಂಕಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದನ್ನು ನಮ್ಮ ಶಾಲೆಗೆ ಕೊಟ್ಟರು, ಜೊತೆಗೆ ಕರಕರ ಸದ್ದು ಮಾಡುವ ಒಂದು ಪ್ರಿಂಟರ್. ಧೂಳು ಕೂರಬಾರದೆಂದು ಹೆಡ್‌ಮಿಸ್ಟ್ರೆಸ್ ತಮ್ಮದೊಂದು ಹಳೆಯ ಇಳಕಲ್ ಸೀರೆಯನ್ನು ಮಡಚಿ ಅದಕ್ಕೆ ಹೊದಿಸಿದ್ದರು. ಬೇಸಿಗೆಯಲ್ಲಿ ಗುಲ್ಬರ್ಗಾದಲ್ಲಿ ನಡೆದ ಒಂದು ತರಬೇತಿಗೆ ನನ್ನನ್ನು ಕಳಿಸಿದ್ದರಿಂದ ಅದನ್ನು ಮುಟ್ಟುವ ಧೈರ್ಯ ನನಗೊಬ್ಬಳಿಗೇ ಇತ್ತು.

ಆಗ ಪರೀಕ್ಷೆ ಮುಗಿದರೆ ಶಿಕ್ಷಕರಿಗೆ ನಿಜವಾದ ಕಷ್ಟ ಶುರುವಾಗುತ್ತಿತ್ತು. ಪ್ರತಿ ಹುಡುಗಿಗೊಂದು ಪ್ರಗತಿ ಕಾರ್ಡ್. ಅದರಲ್ಲಿ ವಿಷಯಗಳ ಅಂಕ, ಮೊತ್ತ, ಶೇಕಡಾ, ತರಗತಿಯಲ್ಲಿ ಎಷ್ಟನೆಯವಳು ಎಂಬ ಕ್ರಮಾಂಕ ಎಲ್ಲ ಕೈಯಿಂದ ಬರೆಯಬೇಕು. ಒಂದು ಕಡೆ ಕೂಡಿಸಿದ್ದು ತಪ್ಪಿದರೆ ಹತ್ತು ಕಾರ್ಡ್ ಹಾಳು. ಒಂದು ದಸರೆ ರಜೆಯಲ್ಲಿ ಕೂತು ಈ ಕೆಲಸ ಮಾಡುವ ಪ್ರೋಗ್ರಾಂ ಬರೆದೆ. ಅಂಕ ತುಂಬಿದರೆ ಸಾಕು, ಉಳಿದದ್ದನ್ನು ಅದೇ ಲೆಕ್ಕ ಹಾಕಿ ಕಾರ್ಡಿನ ಮೇಲೆ ಅಚ್ಚು ಹಾಕುತ್ತಿತ್ತು. ಕಾರ್ಡನ್ನು ಮೊದಲೇ ಕನ್ನಡದಲ್ಲಿ ಮುದ್ರಿಸಿ ತರುತ್ತಿದ್ದೆವು. ಆ ಪ್ರಿಂಟರಿಗೆ ಕನ್ನಡ ಬರುತ್ತಿರಲಿಲ್ಲ, ಅದಕ್ಕೆ ಹುಡುಗಿಯರ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಬೀಳುತ್ತಿತ್ತು.

ಗುಲ್ಬರ್ಗಾದಲ್ಲಿ ಉತ್ತರಪತ್ರಿಕೆ ತಿದ್ದಲು ಹೋದಾಗ ಜೇವರ್ಗಿಯ ಗಣಿತ ಮಾಸ್ತರರೊಬ್ಬರಿಗೆ ಇದರ ಸುದ್ದಿ ಹೇಳಿದೆ. ನಿವೃತ್ತಿಗೆ ಹತ್ತಿರ ಬಂದವರು, ತಲೆಗೆ ಬಿಳಿ ಟೋಪಿ, ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಅಳತೆಪಟ್ಟಿ. ಅವರ ಶಾಲೆಗೂ ಒಂದು ಕಂಪ್ಯೂಟರ್ ಬಂದಿತ್ತು. ಪ್ರೋಗ್ರಾಂ ಫ್ಲಾಪಿಯಲ್ಲಿ ಹಾಕಿ ಕೊಟ್ಟೆ, ಅದರ ಒಳಗಿನ ಆಜ್ಞೆಗಳ ಬರಹವನ್ನೂ ಕಾಗದದ ಮೇಲೆ ಅಚ್ಚು ಹಾಕಿಸಿ ಕೊಟ್ಟೆ. ಬೇಕಾದಂತೆ ತಿದ್ದಿಕೊಳ್ಳಿ, ತಿದ್ದಿದ್ದನ್ನು ನನಗೂ ಕಳಿಸಿ, ಕೇಳಿದವರಿಗೆಲ್ಲ ಕೊಡಿ ಎಂದೆ. ಒಂದು ತಿಂಗಳಿಗೆ ಜೇವರ್ಗಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ರಟ್ಟಿನ ನಡುವೆ ಕಟ್ಟಿದ ಫ್ಲಾಪಿ ಬಂತು. ಇಬ್ಬರು ಹುಡುಗಿಯರ ಮೊತ್ತ ಒಂದೇ ಆದಾಗ ನನ್ನ ಪ್ರೋಗ್ರಾಂ ಒಬ್ಬಳನ್ನು ಸುಮ್ಮನೆ ಕೆಳಗೆ ತಳ್ಳುತ್ತಿತ್ತು. ಮಾಸ್ತರರು ಅದನ್ನು ಸರಿಮಾಡಿದ್ದರು. ನನಗಾದ ಸಂತೋಷ ಹೇಳತೀರದು. ನಾನು ಬರೆದದ್ದನ್ನು ಯಾರೋ ಓದಿ, ಅದರ ತಪ್ಪನ್ನು ತಮ್ಮ ತಪ್ಪೆಂಬಂತೆ ತಿದ್ದಿ ಕಳಿಸಿದ್ದರು. ಯಾವ ಊರಿನವರು ಏನು ತಿದ್ದಿದರೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರುಮಾಡಿದೆ. ಎರಡು ವರ್ಷದಲ್ಲಿ ಮೂರು ತಾಲೂಕಿನ ಒಂಬತ್ತು ಶಾಲೆಗಳು ಅದನ್ನೇ ಬಳಸುತ್ತಿದ್ದವು.

ಆ ವರ್ಷದ ಅರ್ಧವಾರ್ಷಿಕ ಪರೀಕ್ಷೆಗೆ ಮುಂಚೆ ಆಳಂದದಿಂದ ಒಂದು ಫ್ಲಾಪಿ ಬಂತು. ಕಳಿಸಿದವರನ್ನು ನಾನು ನೋಡಿರಲಿಲ್ಲ. ಅಲ್ಲಿ ಟೈಪಿಂಗ್ ಮತ್ತು ಕಂಪ್ಯೂಟರ್ ಕಲಿಸುವ ಕೇಂದ್ರ ನಡೆಸುವವರಂತೆ, ಒಬ್ಬ ಶಿಕ್ಷಕರ ಕೈಯಿಂದ ಪ್ರೋಗ್ರಾಂ ಸಿಕ್ಕಿತಂತೆ. ಮುತ್ತಿನಂಥ ಅಕ್ಷರದ ಪತ್ರ. ಪರೀಕ್ಷೆಗೆ ಗೈರುಹಾಜರಾದವರ ಅಂಕದ ಜಾಗದಲ್ಲಿ ಏನೂ ತುಂಬದಿದ್ದರೆ ನಿಮ್ಮ ಪ್ರೋಗ್ರಾಂ ನಿಂತುಬಿಡುತ್ತದೆ, ಅದನ್ನು ಸರಿಪಡಿಸಿದ್ದೇನೆ, ಇದು ನನ್ನ ಸಣ್ಣ ಸೇವೆ ಎಂದು ಬರೆದಿದ್ದರು. ಅದು ನಿಜವಾಗಿಯೂ ನನ್ನನ್ನು ಕಾಡುತ್ತಿದ್ದ ತೊಂದರೆ. ಎಂಟು ಸುಳ್ಳು ಹೆಸರು ಹಾಕಿ, ಏಳು ಮಂದಿಗೆ ಒಳ್ಳೆ ಅಂಕ ಕೊಟ್ಟು, ಒಬ್ಬಳನ್ನು ಗೈರು ಮಾಡಿ ಓಡಿಸಿ ನೋಡಿದೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡಿತು. ಒಳಗಿನ ಬರಹವನ್ನು ಓದಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು, ಪತ್ರ ಅಷ್ಟು ಸೌಜನ್ಯದ್ದಾಗಿತ್ತು. ಒಂದು ಪ್ರತಿ ಜೇವರ್ಗಿಗೂ ಕಳಿಸಿದೆ, ಅಲ್ಲಿಂದ ಅದು ಉಳಿದ ಶಾಲೆಗಳಿಗೂ ಹೋಗುತ್ತಿತ್ತು.

ಕಾರ್ಡುಗಳು ಒಂದೇ ಮಧ್ಯಾಹ್ನದಲ್ಲಿ ಮುಗಿದವು. ಹೆಡ್‌ಮಿಸ್ಟ್ರೆಸ್ ಸಹಿ ಮಾಡಿದರು, ಜವಾನ ದುಂಡು ಸೀಲು ಒತ್ತಿದ, ಹುಡುಗಿಯರು ಮನೆಗೆ ಒಯ್ದರು.

ಹದಿನೈದು ದಿನವಾದ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಂದೆ ಬಂದ. ಭೀಮಾ ದಂಡೆಯ ಹಳ್ಳಿಯವ, ಸಂತೆಯಿಂದ ಸಂತೆಗೆ ಹೊಲಿಗೆ ಯಂತ್ರ ಹೊತ್ತು ತಿರುಗುವ ದರ್ಜಿ. ಅವನ ಮಗಳು ಒಂದು ವಾರದಿಂದ ಶಾಲೆಗೆ ಬಂದಿರಲಿಲ್ಲ. ಜ್ವರ ಇರಬೇಕೆಂದು ನಾನು ಅಂದುಕೊಂಡಿದ್ದೆ. ಅವನು ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಮಗಳ ಟಿ.ಸಿ. ಕೊಡಿರಿ ಎಂದ. ಯಾಕೆ ಎಂದೆ. ಅವನು ನನ್ನ ಮುಖವನ್ನೇ ನೋಡಿದ, ತಮಾಷೆ ಮಾಡುತ್ತಿದ್ದೇನೆಯೇ ಎಂಬಂತೆ.

"ನೀವೇ ಬರದು ಕಳಿಸೀರಲ್ರಿ ಅಕ್ಕೋರ," ಎಂದ. "ಹೇಳ್ದಂಗ ಮಾಡೇನಿ."

ಪ್ಲಾಸ್ಟಿಕ್ ಚೀಲದಿಂದ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟ. ಗಣಿತದಲ್ಲಿ ಇಪ್ಪತ್ತೆರಡು, ಅನುತ್ತೀರ್ಣ. ಅದರ ಕೆಳಗೆ, ನಮ್ಮ ಸೀಲಿನ ಮೇಲ್ಭಾಗದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಕನ್ನಡ ಸಾಲು ಇತ್ತು. ನಾಪಾಸಾದವರು ಆಳಂದದ ಕೇಂದ್ರಕ್ಕೆ ಸೇರತಕ್ಕದ್ದು, ಪಾಸಿನ ಹೊಣೆ ನಮ್ಮದು. ಅದರ ಮುಂದೆ ಆ ಕೇಂದ್ರದ ಹೆಸರು, ಬಸ್ ಸ್ಟ್ಯಾಂಡಿನಿಂದ ಹೋಗುವ ದಾರಿ.

ನಾನು ಆ ಸಾಲನ್ನು ಮೂರು ಸಲ ಓದಿದೆ. ಇದು ನನ್ನ ಪ್ರೋಗ್ರಾಮಿನಿಂದ ಬಂದಿರಲು ಸಾಧ್ಯವೇ ಇಲ್ಲ ಎಂದು ಒಂದು ಗಳಿಗೆ ಅನಿಸಿತು. ಆದರೆ ಅದೇ ಪ್ರಿಂಟರಿನ ಅಕ್ಷರ, ಮುರಿದ ಪಿನ್ನಿನಿಂದ ಪ್ರತಿ ಅಕ್ಷರದ ತಲೆ ಸ್ವಲ್ಪ ಹಾರಿದ ಅಕ್ಷರ. ದರ್ಜಿಗೆ ಕನ್ನಡ ಓದಲು ಬರುತ್ತಿತ್ತು, ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಮಗಳನ್ನು ಕೇಳದೆ ಔಷಧಿ ಅಂಗಡಿಯವನ ಹತ್ತಿರ ಓದಿಸಿದ್ದ. ಅವನು, ಇದು ಸಾಲಿ ಆರ್ಡರ್, ಸಹಿ ಸಿಕ್ಕಾ ಎಲ್ಲ ಅದ, ಎಂದಿದ್ದ. ಮಗಳನ್ನು ದರ್ಜಿ ಆಳಂದದ ಹತ್ತಿರ ಸರಸಂಬಾದಲ್ಲಿರುವ ತನ್ನ ತಂಗಿಯ ಮನೆಯಲ್ಲಿ ಬಿಟ್ಟು, ಆ ಕೇಂದ್ರಕ್ಕೆ ಸೇರಿಸಿ ಬಂದಿದ್ದ. ಹತ್ತನೆಯ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಿಸಲು ಟಿ.ಸಿ. ಬೇಕೆಂದು ಅಲ್ಲಿ ಹೇಳಿದ್ದರು.

ಹೆಡ್‌ಮಿಸ್ಟ್ರೆಸ್ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆ ಸಾಲನ್ನಲ್ಲ, ತಮ್ಮ ಸಹಿಯನ್ನು. ಇಪ್ಪತ್ತಾರು ವರ್ಷದಲ್ಲಿ ಓದದೆ ಯಾವುದಕ್ಕೂ ಸಹಿ ಮಾಡಿದವರಲ್ಲ ಅವರು. ಈ ಸಲ ಮಾತ್ರ ಓದದೆ ಮಾಡಿದ್ದರು, ಕಂಪ್ಯೂಟರ್ ತಪ್ಪು ಮಾಡುವುದಿಲ್ಲವೆಂದು ನಾನೇ ಅವರಿಗೆ ಹೇಳಿದ್ದೆ. ಅವರು ಬೈಯಲಿಲ್ಲ. ಹುಡುಗಿಯರನ್ನೆಲ್ಲ ಕರೆಸಿ ಕಾರ್ಡ್ ತರಿಸು ಎಂದರು ಅಷ್ಟೆ. ಮರುದಿನದಷ್ಟೊತ್ತಿಗೆ ಮೇಜಿನ ಮೇಲೆ ರಾಶಿ ಬಿತ್ತು. ಪಾಸಾದ ಒಬ್ಬಳ ಕಾರ್ಡಿನಲ್ಲೂ ಆ ಸಾಲಿಲ್ಲ. ನಾಪಾಸಾದ ಒಬ್ಬಳದೂ ಅದಿಲ್ಲದೆ ಇರಲಿಲ್ಲ. ನನ್ನ ಎಂಟು ಸುಳ್ಳು ಹುಡುಗಿಯರಲ್ಲಿ ಒಬ್ಬಳನ್ನೂ ನಾನು ನಾಪಾಸು ಮಾಡಿರಲಿಲ್ಲ, ಗೈರಾದವಳಿಗೆ ಪಾಸು ನಾಪಾಸು ಎರಡೂ ಇರಲಿಲ್ಲ.

ಜೇವರ್ಗಿಗೆ ಫೋನ್ ಮಾಡಿಸಿದೆ. ಆ ಭಾನುವಾರ ಮಾಸ್ತರರು ಮೊದಲ ಬಸ್ಸಿಗೇ ಬಂದರು. ಅವರ ಶಾಲೆಯ ಕಾರ್ಡುಗಳು ಅಚ್ಚಾಗಿ ಕಪಾಟಿನಲ್ಲಿದ್ದವು, ಮರುದಿನ ಹಂಚುವುದಿತ್ತು. ಫೋನ್ ಬಂದ ಮೇಲೆ ತೆಗೆದು ನೋಡಿದರೆ ಅವುಗಳಲ್ಲೂ ಅದೇ ಸಾಲು.

ಪ್ರೋಗ್ರಾಮಿನ ಪೂರ್ತಿ ಬರಹ ಅಚ್ಚು ಹಾಕಿಸಿದೆವು. ಕರೆಂಟು ಹೋಗಿ ಬಂದು ಹೋಗಿ, ಅದು ಮುಗಿಯುವಷ್ಟರಲ್ಲಿ ಬೆಳಗು ಕಳೆದಿತ್ತು. ಉದ್ದನೆಯ ಕಾಗದವನ್ನು ವರಾಂಡದಲ್ಲಿ ಹಾಸಿ, ಹಾರದಂತೆ ಅಲ್ಲಲ್ಲಿ ಕಲ್ಲಿಟ್ಟು ಓದಲು ಕೂತೆವು. ಮಾಸ್ತರರು ತಮ್ಮ ಅಳತೆಪಟ್ಟಿಯನ್ನು ಒಂದೊಂದೇ ಸಾಲಿನ ಕೆಳಗೆ ಜರುಗಿಸುತ್ತಿದ್ದರು. ಆ ಭಾಷೆಯಲ್ಲಿ ಪ್ರತಿ ಸಾಲಿಗೂ ಒಂದು ನಂಬರ್ ಇರುತ್ತದೆ. ನಾನು ಹತ್ತು, ಇಪ್ಪತ್ತು, ಮೂವತ್ತು ಎಂದು ಹಾಕಿದ್ದೆ, ನಡುವೆ ಸೇರಿಸುವುದಿದ್ದರೆ ಜಾಗ ಇರಲೆಂದು. ಸೊನ್ನೆಯಲ್ಲಿ ಮುಗಿಯದ ನಂಬರುಗಳೆಲ್ಲ ಆಮೇಲೆ ಬಂದವರವು. ಗೈರುಹಾಜರಿಯ ತಿದ್ದುಪಡಿ ಸಿಕ್ಕಿತು. ಅಚ್ಚುಕಟ್ಟು ಕೆಲಸ, ನನ್ನದಕ್ಕಿಂತ ಚೆನ್ನ. ಆದರೆ ಜಾಹೀರಾತಿನ ಸಾಲು ಎಲ್ಲೂ ಕಾಣಲಿಲ್ಲ. ಆಳಂದ ಎಂಬ ಶಬ್ದವೇ ಇರಲಿಲ್ಲ.

ಇದ್ದದ್ದು ಬರೀ ಸಂಖ್ಯೆಗಳು, ಎರಡು ಉದ್ದ ಸಾಲುಗಳಲ್ಲಿ. ಮೊದಲು ಅವು ಶೇಕಡಾ ಲೆಕ್ಕದವು ಎಂದುಕೊಂಡೆ. ಮಾಸ್ತರರು ಕಂಪ್ಯೂಟರಿನ ಪುಸ್ತಕ ಬಿಡಿಸಿದರು. ಅದರ ಕೊನೆಯ ಪುಟದಲ್ಲಿ ಪ್ರತಿ ಇಂಗ್ಲಿಷ್ ಅಕ್ಷರಕ್ಕೂ ಕಂಪ್ಯೂಟರ್ ಒಳಗೊಳಗೇ ಬಳಸುವ ಸಂಖ್ಯೆಯ ಪಟ್ಟಿ ಇತ್ತು. ಅವರು ಸಂಖ್ಯೆ ಓದಿದರು, ನಾನು ಪಟ್ಟಿ ನೋಡಿ ಅಕ್ಷರ ಬರೆದೆ. ಮೊದಲ ಸಾಲು ನಮಗೆ ಗೊತ್ತಿದ್ದದ್ದೇ ಆಗಿತ್ತು. ಎರಡನೆಯದು ನಾವು ಯಾವ ಕಾರ್ಡಿನಲ್ಲೂ ಕಂಡಿರದದ್ದು. ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಹೋದೆ. ಶಾಲೆ ಬಿಟ್ಟರೂ ನಡೆಯುತ್ತದೆ, ನೇರವಾಗಿ ಹತ್ತನೆಯದು ಕಟ್ಟಿರಿ, ಆಳಂದಕ್ಕೆ ಬನ್ನಿರಿ. ಮಾರ್ಚಿನಿಂದ ಮುಂದೆ, ಪಾಸು ನಾಪಾಸು ಎನ್ನದೆ ಎಲ್ಲರ ಕಾರ್ಡಿನಲ್ಲಿ ಅದು ಬೀಳಬೇಕೆಂದು ಪಕ್ಕದಲ್ಲಿ ಆಜ್ಞೆ ಇತ್ತು. ಒಂಬತ್ತು ಶಾಲೆಗಳ ವಾರ್ಷಿಕ ಕಾರ್ಡುಗಳು. ನಮ್ಮದೇ ಸೀಲು ಹೊತ್ತು, ಶಾಲೆ ಬಿಡಿ ಎಂದು ಹೇಳುವ ಕಾರ್ಡುಗಳು.

ಮಾಸ್ತರರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಮರುದಿನ ರಜೆ ಹಾಕಿ ದರ್ಜಿಯನ್ನು ಕರೆದುಕೊಂಡು ಆಳಂದಕ್ಕೆ ಹೊರಟೆ. ನೇರ ಬಸ್ಸಿಗೆ ಕಾಯದೆ ಗುಲ್ಬರ್ಗಾಕ್ಕೆ ಹೋಗಿ ಅಲ್ಲಿಂದ ಹೋದೆವು. ಆ ಸಾಲು ಶಾಲೆಯದಲ್ಲ ಎಂದು ದಾರಿಯಲ್ಲಿ ಅವನಿಗೆ ಬಿಡಿಸಿ ಹೇಳಿದೆ. ಅವನು ಹೌದ್ರಿ ಹೌದ್ರಿ ಎನ್ನುತ್ತಿದ್ದ, ಆದರೆ ಅವನಿಗೆ ನಂಬಿಕೆ ಬಂದಂತಿರಲಿಲ್ಲ. ಶಾಲೆಯ ಕಾಗದದ ಮೇಲೆ ಶಾಲೆಯದಲ್ಲದ ಮಾತು ಹೇಗೆ ಬರುತ್ತದೆ ಎಂದು ಒಮ್ಮೆ ಕೇಳಿದ. ನನ್ನಿಂದ ಬಂತು ಎಂದೆ.

ಕೇಂದ್ರ ಒಂದು ಬಟ್ಟೆ ಅಂಗಡಿಯ ಮೇಲಿತ್ತು. ನಾಲ್ಕು ಟೈಪ್‌ರೈಟರ್, ಒಂದು ಕಂಪ್ಯೂಟರ್. ನಡೆಸುವವರು ಮೂವತ್ತರ ಆಸುಪಾಸಿನವರು. ಇಸ್ತ್ರಿ ಅಂಗಿ, ನೀಟಾಗಿ ಬಾಚಿದ ತಲೆ. ನಾನು ಯಾರೆಂದು ಹೇಳಿದ ಕೂಡಲೆ ಎದ್ದು ನಿಂತು ಕುರ್ಚಿ ಒರೆಸಿದರು, ಚಹಾಕ್ಕೆ ಹೇಳಿದರು. ನನ್ನ ಪ್ರೋಗ್ರಾಂ ನೋಡಿಯೇ ತಾವು ಆ ಭಾಷೆ ಕಲಿತದ್ದೆಂದರು. ಅದು ಸುಳ್ಳಿರಲಿಲ್ಲ, ಅವರ ಮೇಜಿನ ಮೇಲೆ ನನ್ನ ಹಳೆಯ ಬರಹದ ಪ್ರತಿ ಇತ್ತು, ಅಂಚಿನ ತುಂಬ ಪೆನ್ಸಿಲ್ ಟಿಪ್ಪಣಿ. ನಾನು ಕಾರ್ಡನ್ನು ಅದರ ಮೇಲಿಟ್ಟೆ.

ಅವರ ಮುಖ ಬದಲಾಗಲಿಲ್ಲ. ನನಗೆ ಎಲ್ಲಕ್ಕಿಂತ ಆಘಾತವಾದದ್ದು ಅದೇ. ಅಡಗಿಸಿದವರು ಸಿಕ್ಕಿಬಿದ್ದಾಗ ನಾಚುತ್ತಾರೆಂದು ತಿಳಿದಿದ್ದೆ.

"ನಾ ನಿಮ್ಮ ಪ್ರೋಗ್ರಾಂ ಸುಧಾರ್ಸೇನಿ," ಎಂದರು, ಮೆಲ್ಲಗೆ. "ಪುಕ್ಕಟ ಮಾಡಿ ಕೊಟ್ಟೇನಿ. ಕೆಳಗ ಒಂದು ಸಾಲಿನ ಜಾಗ ಖಾಲಿ ಇತ್ತು, ತೊಗೊಂಡೆ. ನೀವು ಓದಿ ನೋಡೇ ಒಪ್ಪಿರ್ತೀರಿ ಅಂತ ತಿಳ್ಕೊಂಡಿದ್ದೆ."

ಆ ಮಾತು ನನಗೆ ಚುಚ್ಚಿತು, ಯಾಕೆಂದರೆ ನಾನು ಓದಿರಲಿಲ್ಲ. ಓದಿರಲಿಲ್ಲ ಎಂದು ಒಪ್ಪಿಕೊಂಡೆ. ಆಮೇಲೆ ಕೇಳಿದೆ:

"ನಾ ಓದೀನಿ ಅಂತ ತಿಳ್ಕೊಂಡಿದ್ರ, ಅಕ್ಷರ ಇರೋ ಜಾಗಾದಾಗ ನಂಬರ್ ಯಾಕ ಬರದ್ರಿ?"

ಅವರು ಚಹಾದ ಲೋಟ ಕೈಗೆತ್ತಿಕೊಂಡರು. ಆಗ ಬಾಗಿಲ ಹತ್ತಿರವೇ ನಿಂತಿದ್ದ ದರ್ಜಿ ಮಾತಾಡಿದ. ಬಸ್ಸಿನಲ್ಲಿ ನಂಬದಿದ್ದದ್ದನ್ನು ಈಗ ಅವನು ನಂಬಿದ್ದ.

"ಸಾಲಿ ಕಳಿಸೇದ ಅಂತ ನಾ ನಿಮಗ ಕಾರ್ಡ್ ತೋರ್ಸಿ ಕೈ ಮುಗದೆ," ಎಂದ. "ಸಾಲಿ ಕಳಿಸಿಲ್ಲ ಅಂತ ನೀವು ಯಾಕ ಅನ್ಲಿಲ್ರಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕೆಂಬ ಆಸೆ ಇತ್ತು. ಆ ಮನುಷ್ಯ ಲೋಟ ಕೆಳಗಿಟ್ಟು ತಲೆ ತಗ್ಗಿಸಿದರು. ಯಾರಾದರೂ ನಿಜವಾಗಿ ಬರುತ್ತಾರೆಂದು ಅಂದುಕೊಂಡಿರಲಿಲ್ಲ, ಬಂದವ ಇವನೊಬ್ಬನೇ, ಬಂದವನನ್ನು ಹೇಗೆ ಕಳಿಸುವುದೆಂದು ತಿಳಿಯಲಿಲ್ಲ ಎಂದರು. ನಾವು ಕೇಳುವ ಮೊದಲೇ ಅವನಿಂದ ತೆಗೆದುಕೊಂಡ ಫೀಯನ್ನು ಡ್ರಾಯರಿನಿಂದ ತೆಗೆದು ಅವನ ಮುಂದಿಟ್ಟರು.

ಹುಡುಗಿ ಒಳಗಿನ ಕೋಣೆಯಲ್ಲಿ ಟೈಪ್‌ರೈಟರಿನ ಮುಂದಿದ್ದಳು. ನನ್ನನ್ನು ನೋಡಿ ಏಳಲಿಲ್ಲ, ಕೈಯಲ್ಲಿದ್ದ ಸಾಲನ್ನು ಕೊನೆಯವರೆಗೆ ಹೊಡೆದು ಮುಗಿಸಿ ಎದ್ದಳು. ಚೆನ್ನಾಗಿದ್ದೀಯಾ ಎಂದು ಕೇಳಿದೆ. ಅವಳು ನೆಲ ನೋಡುತ್ತ ಹೇಳಿದಳು:

"ಅಕ್ಕೋರ, ನೀವು ನನ್ನ ಹೆಸರು ತೆಗದೀರೆಂತ ಅಪ್ಪ ಹೇಳ್ದ. ಒಂದ ಸಬ್ಜೆಕ್ಟ್ ಹೋದ್ರ ತೆಗೀತಾರೇನ್ರಿ?"

ಅಷ್ಟು ದಿನ ಈ ಮಗು ಸರಸಂಬಾದ ಅತ್ತೆಯ ಮನೆಯಲ್ಲಿ ರೊಟ್ಟಿ ತಟ್ಟುತ್ತ, ತನ್ನ ಗಣಿತದ ಟೀಚರೇ ತನ್ನನ್ನು ಶಾಲೆಯಿಂದ ತೆಗೆದಳೆಂದು ನಂಬಿದ್ದಳು. ಇಲ್ಲ ಎಂದೆ. ಯಾರೂ ತೆಗೆದಿಲ್ಲ, ನಾಳೆ ಕ್ಲಾಸಿಗೆ ಬಾ ಎಂದೆ. ಅವಳು ಅಪ್ಪನ ಕಡೆ ನೋಡಿದಳು. ಅವನು ಗೋಡೆಯ ಕಡೆ ತಿರುಗಿ ರುಮಾಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಸರಸಂಬಾದಿಂದ ಅವಳ ಬಟ್ಟೆಗಂಟು ತೆಗೆದುಕೊಂಡು ಮೂವರೂ ಸಂಜೆಯ ಬಸ್ಸಿಗೆ ಮರಳಿದೆವು.

ಆಮೇಲೆ ಮಾಡುವ ಕೆಲಸ ಬಹಳವಿತ್ತು. ನಾಪಾಸಾದವರ ಕಾರ್ಡುಗಳನ್ನೆಲ್ಲ ನಾನೇ ಕೈಯಿಂದ ಹೊಸದಾಗಿ ಬರೆದೆ. ಎಲ್ಲ ಶಾಲೆಗಳಿಗೂ ಪೋಸ್ಟ್‌ಕಾರ್ಡ್ ಹಾಕಿ, ಆ ಫ್ಲಾಪಿ ಬಳಸಬೇಡಿ, ಹೊಸದು ಕಳಿಸುತ್ತೇನೆ, ತಪ್ಪು ನನ್ನದು ಎಂದು ಬರೆದೆ. ಒಂದು ಶಾಲೆಯಿಂದ ಬಂದ ಉತ್ತರ ಓದಿ ಮತ್ತೆ ಬೆಚ್ಚಿದೆ. ತಮ್ಮೂರಿನ ಗೊಬ್ಬರದ ಅಂಗಡಿಯವರು ಶಾಲೆಗೆ ಬೆಂಚು ಕೊಡಿಸುತ್ತೇವೆ ಅನ್ನುತ್ತಿದ್ದಾರೆ, ಅವರ ಹೆಸರನ್ನೂ ಹೀಗೆಯೇ ಕಾರ್ಡಿನಲ್ಲಿ ಹಾಕಲು ಬರುತ್ತದೆಯೇ ಎಂದು ಆ ಹೆಡ್‌ಮಾಸ್ತರರು ಕೇಳಿದ್ದರು. ಹೆಸರು ಬೆಂಚಿನ ಮೇಲೆ ಬರೆಸಿರಿ, ಕಾರ್ಡಿನ ಮೇಲೆ ಬೇಡ ಎಂದು ಬರೆದೆ.

ಗೈರುಹಾಜರಿಯ ತಿದ್ದುಪಡಿಯನ್ನು ಏನು ಮಾಡುವುದು ಎಂಬ ಪ್ರಶ್ನೆ ಉಳಿಯಿತು. ಅದನ್ನೂ ಕಿತ್ತು ಬಿಸಾಕಿದೆ. ಸಿಟ್ಟಿನಲ್ಲಿ ನಾನೇ ಬೇರೆ ಬರೆದೆ. ನನ್ನದರಲ್ಲಿ ಗೈರಾದ ಹುಡುಗಿಯ ಹೆಸರೇ ಪಟ್ಟಿಯಿಂದ ಮಾಯವಾಗುತ್ತಿತ್ತು. ಮಾಸ್ತರರು ಜೇವರ್ಗಿಯಿಂದ ಬರೆದರು: ಅವನು ಬರೆದ ಆ ಸಾಲುಗಳು ಸರಿ ಇವೆ, ಸರಿ ಇದ್ದದ್ದನ್ನು ಇಟ್ಟುಕೊಳ್ಳಿ, ನಂಬರಿನ ಸಾಲು ಮಾತ್ರ ತೆಗೆಯಿರಿ, ನೋಟ್‌ಬುಕ್ಕಿನಲ್ಲಿ ಆಳಂದದ ಹೆಸರು ಬರೆಯಿರಿ. ಬರೆಯಲು ನನಗೆ ಒಂದು ವಾರ ಹಿಡಿಯಿತು. ಬರೆದೆ.

ಅಂದಿನಿಂದ ಯಾರೇ ಕಳಿಸಿದರೂ, ಕಳಿಸಿದವರು ಎಷ್ಟೇ ಪರಿಚಿತರಾದರೂ, ಮಾಸ್ತರರೇ ಆದರೂ, ಬರಹವನ್ನು ಕಾಗದದ ಮೇಲೆ ತೆಗೆದು ಪೂರ್ತಿ ಓದದೆ ಬಳಸಲಿಲ್ಲ. ಅಕ್ಷರದ ಜಾಗದಲ್ಲಿ ಸಂಖ್ಯೆ ಇದ್ದರೆ ವಾಪಸ್. ನನ್ನ ಸುಳ್ಳು ಹುಡುಗಿಯರಲ್ಲಿ ಈಗ ನಾಪಾಸಾದವರೇ ಹೆಚ್ಚು. ತಾರೀಖನ್ನು ತಿಂಗಳು ತಿಂಗಳಿಗೆ ಬದಲಿಸಿಯೂ ಓಡಿಸಿ ನೋಡುತ್ತಿದ್ದೆ. ಫೋಟೋ ಸ್ಟುಡಿಯೋದ ಹೆಸರಿದ್ದ ಫ್ಲಾಪಿಯೊಂದು ಬಂತು, ಚುನಾವಣೆಗೆ ನಿಂತವರ ಹೆಸರಿದ್ದದ್ದೊಂದು ಬಂತು. ಎರಡನ್ನೂ ಬಂದ ಬಸ್ಸಿಗೇ ತಿರುಗಿ ಕಳಿಸಿದೆ. ಆಳಂದದಿಂದ ಜನವರಿಯಲ್ಲಿ ಇನ್ನೊಂದು ಬಂತು. ಪತ್ರದಲ್ಲಿ ಕ್ಷಮೆಯ ಮಾತಿರಲಿಲ್ಲ, ಬಸ್ ಸ್ಟ್ಯಾಂಡಿನ ದಾರಿಯೂ ಇರಲಿಲ್ಲ. ಅದನ್ನು ಮಾಸ್ತರರೂ ನಾನೂ ಬೇರೆ ಬೇರೆಯಾಗಿ ಓದಿದೆವು. ಒಳಗೆ ಶೇಕಡಾವನ್ನು ಹತ್ತಿರದ ಪೂರ್ಣಾಂಕಕ್ಕೆ ಸರಿಯಾಗಿ ತರುವ ಮೂರು ಸಾಲು, ಅಷ್ಟೆ. ಬಳಸಿದೆವು.

ಹುಡುಗಿ ವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ನಲವತ್ತೊಂದು ತೆಗೆದಳು. ಕಾರ್ಡ್ ಒಯ್ಯಲು ಅವಳ ತಂದೆಯೇ ಬಂದ, ಮಗಳನ್ನು ಹಿಂದೆ ನಿಲ್ಲಿಸಿಕೊಂಡು. ಪಾಸಾಗಿದ್ದಾಳೆ ಎಂದೆ. ಅವನು ಕುರ್ಚಿ ಎಳೆದು ಕೂತು, ಎಲ್ಲಾ ಓದಿ ಹೇಳ್ರಿ ಎಂದ. ಕನ್ನಡದ್ದನ್ನು ಅವನೇ ಓದಬಲ್ಲ, ಆದರೂ ನಾನು ಮೇಲಿನಿಂದ ಓದುತ್ತ ಬಂದೆ. ಶಾಲೆಯ ಹೆಸರು, ಅವಳ ಹೆಸರು, ಒಂದೊಂದು ವಿಷಯ, ಮೊತ್ತ, ಹೆಡ್‌ಮಿಸ್ಟ್ರೆಸ್ಸರ ಸಹಿ. ಮುಗಿಯಿತು ಎಂದೆ. ಅವನು ಕಾರ್ಡಿನ ಅಂಚಿಗೆ ಬೆರಳಿಟ್ಟ. ಅಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಕಾರ್ಡನ್ನು ಅಚ್ಚು ಮಾಡಿಕೊಟ್ಟ ಪ್ರೆಸ್ಸಿನ ಹೆಸರಿತ್ತು. ಎಷ್ಟೋ ವರ್ಷದಿಂದ ಪ್ರತಿ ಕಾರ್ಡಿನಲ್ಲೂ ಇದ್ದದ್ದು. ನಾನು ಅದನ್ನು ನೋಡಿರಲೇ ಇಲ್ಲ.

"ಇದು ಯಾರು ಹೇಳೋದ್ರಿ?" ಎಂದ.

ನಾನು ಬಗ್ಗಿ ಆ ಅಕ್ಷರ ಓದಿದೆ. ಇದು ಕಾರ್ಡ್ ಯಾರು ಮಾಡಿದರೆಂದು ಹೇಳುತ್ತದೆ, ನಿಮಗೆ ಇಂಥದ್ದು ಮಾಡಿರಿ ಎಂದು ಹೇಳುವುದಿಲ್ಲ ಎಂದೆ. ಅವನು ಅದನ್ನು ಯೋಚಿಸಿದ. ಹಂಗಾದ್ರ ಇರ್ಲಿ ಬಿಡ್ರಿ ಎಂದು ಕಾರ್ಡನ್ನು ಮಡಚದೆ ಮಗಳ ಕೈಗೆ ಕೊಟ್ಟ.